ಕಡಲಿನ ಎರಡು ಬಂಡೆ, ನನ್ನ ಅಂಗಡಿಯ ಶಟರ್: ಸುದ್ದಿ ಹೊತ್ತಿ ಉರಿಯುವಾಗ ಓದುಗರು ಏನು ಮಾಡಬಹುದು?

ಪೇಪರ್ ಕಾಕಾ, ಬೆಳಗಾವಿ:

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿ ಬಸ್ ನಿಲ್ದಾಣದ ಹತ್ತಿರ ಪೇಪರ್ ಅಂಗಡಿ ಇಟ್ಟವನು. ಮೂವತ್ತು ವರ್ಷ ದಾಟಿತು. ಬೆಳಗಿನ ನಾಲ್ಕಕ್ಕೆ ಬಂಡಲ್ ಇಳಿಯುತ್ತವೆ. ಪುರವಣಿ ಸೇರಿಸಿ, ಎಣಿಸಿ, ಹುಡುಗರ ಸೈಕಲ್ಲಿಗೆ ಏರಿಸುವಷ್ಟರಲ್ಲಿ ಐದೂವರೆ ಆಗುತ್ತದೆ. ನನ್ನ ಹತ್ತಿರ ಕನ್ನಡ ಪೇಪರೂ ಇವೆ, ಮರಾಠಿ ಪೇಪರೂ ಇವೆ. ಎರಡನ್ನೂ ಒಂದೇ ಹಗ್ಗಕ್ಕೆ ತೂಗು ಹಾಕುತ್ತೇನೆ. ಈ ಊರಿನಲ್ಲಿ ಅದೇನು ದೊಡ್ಡ ವಿಷಯವಲ್ಲ. ಎರಡನ್ನೂ ಕೊಂಡು ಓದುವವರು ದಿನಾ ಬರುತ್ತಾರೆ.

ನನ್ನ ತಮ್ಮನ ಮಗ ಧಾರವಾಡದಲ್ಲಿ ಪತ್ರಿಕೋದ್ಯಮ ಓದುತ್ತಾನೆ. ಅವನಿಗೆ ಒಂದು ಸೆಮಿನಾರ್ ಕೊಟ್ಟಿದ್ದಾರೆ. ಗ್ರೀಸ್ ಮತ್ತು ಟರ್ಕಿ ನಡುವೆ ಎರಡು ಪುಟ್ಟ ದ್ವೀಪಗಳಿಗಾಗಿ ಆದ ಜಗಳ, ಅದರಲ್ಲಿ ಪತ್ರಿಕೆಗಳ ಪಾಲು. ಕಳೆದ ಭಾನುವಾರ ಅಂಗಡಿಯಲ್ಲಿ ಕೂತು ಇಂಗ್ಲಿಷಿನದನ್ನು ಕನ್ನಡದಲ್ಲಿ ನನಗೆ ಓದಿ ಹೇಳಿದ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಏಕೆ ಅಂತ ಮುಂದೆ ಹೇಳುತ್ತೇನೆ.

ದ್ವೀಪ ಎಂದರೆ ಊರು ಕೇರಿ ಇರುವ ದ್ವೀಪವಲ್ಲ. ಎರಡು ಬಂಡೆ. ಗ್ರೀಕರು ಇಮಿಯಾ ಎನ್ನುತ್ತಾರೆ, ತುರ್ಕರು ಕಾರ್ಡಕ್ ಎನ್ನುತ್ತಾರೆ. ಎರಡೂ ಸೇರಿ ಸುಮಾರು ಹತ್ತು ಎಕರೆ. ನಮ್ಮ ಕಡೆ ಹತ್ತು ಎಕರೆ ಕಬ್ಬು ಹಾಕಿದವರು ಎಷ್ಟೋ ಜನ ಇದ್ದಾರೆ. ಅಲ್ಲಿ ಮನುಷ್ಯರ ವಾಸವೇ ಇಲ್ಲ. 1995ರ ಡಿಸೆಂಬರ್ ಕೊನೆಗೆ ಟರ್ಕಿಯ ಒಂದು ಸರಕು ಹಡಗು ಅಲ್ಲಿ ನೆಲಕ್ಕೆ ತಾಗಿ ನಿಂತಿತು. ಯಾರು ಎಳೆದು ಬಿಡಿಸಬೇಕು ಅನ್ನುವುದಕ್ಕೆ ಮಾತು ಶುರುವಾಯಿತು. ಇದು ನಮ್ಮ ನೀರು, ಅಲ್ಲ ನಮ್ಮದು. ಎರಡು ಸರ್ಕಾರಗಳು ಒಂದಕ್ಕೊಂದು ಪತ್ರ ಬರೆದವು. ಹಡಗನ್ನು ಬಿಡಿಸಿಯೂ ಆಯಿತು. ಹತ್ತಿರ ಹತ್ತಿರ ಒಂದು ತಿಂಗಳು ಜನಕ್ಕೆ ಇದರ ಸುಳಿವೇ ಇರಲಿಲ್ಲ.

ಜನವರಿ ಮೂರನೇ ವಾರದಲ್ಲಿ ಗ್ರೀಸಿನ ಒಂದು ಪತ್ರಿಕೆ ಇದನ್ನು ಬರೆಯಿತು, ಆಮೇಲೆ ಟಿವಿ ಹಿಡಿದುಕೊಂಡಿತು. ಹತ್ತಿರದ ಕಾಲಿಮ್ನೋಸ್ ದ್ವೀಪದ ಮೇಯರ್ ಹೋಗಿ ಬಂಡೆಯ ಮೇಲೆ ಗ್ರೀಕ್ ಬಾವುಟ ನೆಟ್ಟು ಬಂದರು. ಜನವರಿ 27ಕ್ಕೆ ಟರ್ಕಿಯ ಹುರಿಯೆತ್ ಪತ್ರಿಕೆಯವರು ಹೆಲಿಕಾಪ್ಟರ್ ತೆಗೆದುಕೊಂಡು ಅಲ್ಲಿ ಇಳಿದರು. ಆ ಬಾವುಟ ಕಿತ್ತರು. ತಮ್ಮ ದೇಶದ ಬಾವುಟ ನೆಟ್ಟರು. ಫೋಟೋ ತೆಗೆದರು, ಪೇಪರಿಗೆ ಹಾಕಿದರು. ಹುಡುಗ ಓದುತ್ತಿದ್ದಾಗ ನಾನು ತಡೆದು ಮತ್ತೊಮ್ಮೆ ಕೇಳಿದೆ. ‘ಸೈನಿಕರಾ?’ ‘ಅಲ್ಲ ಕಾಕಾ, ವರದಿಗಾರರು.’

ಮರುದಿನ ಗ್ರೀಕ್ ನೌಕಾಪಡೆಯವರು ಬಂದು ಮತ್ತೆ ಬಾವುಟ ಬದಲಿಸಿದರು. ಮೂರೇ ದಿನದಲ್ಲಿ ಎರಡೂ ದೇಶದ ಯುದ್ಧ ಹಡಗುಗಳು ಬಂಡೆಯ ಸುತ್ತ ಬಂದು ನಿಂತಿದ್ದವು. ಒಂದು ಬಂಡೆಯ ಮೇಲೆ ಗ್ರೀಕ್ ಕಮಾಂಡೋಗಳು, ಪಕ್ಕದ್ದರ ಮೇಲೆ ಟರ್ಕಿಯವರು. ಜನವರಿ 31ರ ನಸುಕಿನಲ್ಲಿ ಗ್ರೀಕರ ಒಂದು ಹೆಲಿಕಾಪ್ಟರ್ ಕಡಲಿಗೆ ಬಿತ್ತು. ಮೂವರು ಅಧಿಕಾರಿಗಳು ಸತ್ತರು. ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಫೋನಿನ ಮೇಲೆ ಫೋನ್ ಮಾಡಿ, ಅವರ ಕಡೆಯ ಹೋಲ್‌ಬ್ರೂಕ್ ನಡುವೆ ನಿಂತು, ಹಡಗು, ಸೈನಿಕರು, ಬಾವುಟ ಎಲ್ಲವನ್ನೂ ವಾಪಸ್ ತೆಗೆಸಿದರು. ಎರಡೂ ನೇಟೋ ಎಂಬ ಒಂದೇ ಸೇನಾ ಕೂಟದ ದೇಶಗಳು. ಬಂಡೆ ಯಾರದು ಎಂಬುದು ಇವತ್ತಿಗೂ ಇತ್ಯರ್ಥ ಆಗಿಲ್ಲ.

ಈಗ ನನ್ನ ಕಥೆ. 2022ರ ಡಿಸೆಂಬರ್ ನಿಮಗೆ ನೆನಪಿರಬಹುದು. ಕರ್ನಾಟಕ-ಮಹಾರಾಷ್ಟ್ರ ಗಡಿ ವಿಷಯ ಜೋರಾಗಿತ್ತು. ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರ ನಂಬರಿನ ಲಾರಿಗಳಿಗೆ ಕಲ್ಲು ಬಿತ್ತು. ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಅದು ನಡೆದದ್ದೇ, ಸುಳ್ಳಲ್ಲ. ಆ ವಾರವೇ ಒಂದು ಮಧ್ಯಾಹ್ನ ಒಂದು ಚಾನೆಲ್‌ನವರು ಕ್ಯಾಮೆರಾ ಹಿಡಿದು ಬಂದರು. ಯಾವ ಚಾನೆಲ್, ಯಾವ ಭಾಷೆ ಅಂತ ನಾನು ಬರೆಯುವುದಿಲ್ಲ. ‘ಗಲಾಟೆ ಇದೆಯಾ?’ ಎಂದು ಕೇಳಿದರು. ‘ಇಲ್ಲಪ್ಪಾ, ಬೆಳಿಗ್ಗೆಯಿಂದ ಎಂದಿನ ಹಾಗೆ ವ್ಯಾಪಾರ ಆಯ್ತು, ಎರಡೂ ಭಾಷೆಯ ಪೇಪರ್ ಖಾಲಿ’ ಎಂದೆ. ನಾನು ದಿನಾ ಒಂದು ಗಂಟೆಗೆ ಅಂಗಡಿ ಮುಚ್ಚುತ್ತೇನೆ. ಪೇಪರ್ ಅಂಗಡಿಯಲ್ಲಿ ಮಧ್ಯಾಹ್ನ ಏನು ಕೆಲಸ? ಅವರ ಎದುರಿಗೇ ಶಟರ್ ಎಳೆದು ಊಟಕ್ಕೆ ಹೋದೆ.

ಸಂಜೆ ಟಿವಿಯಲ್ಲಿ ನನ್ನ ಮಾತು ಇರಲಿಲ್ಲ. ನನ್ನ ಶಟರ್ ಇತ್ತು. ಕೆಳಗೆ ಕೆಂಪು ಪಟ್ಟಿಯಲ್ಲಿ ‘ಬೆಳಗಾವಿ ಉದ್ವಿಗ್ನ, ಅಂಗಡಿಗಳು ಬಂದ್’. ಅದನ್ನೇ ತಿರುಗಿ ತಿರುಗಿ ಹಾಕಿದರು.

ನನ್ನ ಮಗಳನ್ನು ಮಹಾರಾಷ್ಟ್ರದ ಗಡಹಿಂಗ್ಲಜ್‌ಗೆ ಕೊಟ್ಟಿದ್ದೇವೆ. ಮನೆಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ, ಚಂದದ ಜನ. ಅವಳಿಗೆ ಆಗ ಏಳು ತಿಂಗಳು. ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಕುಬಸ ಇಟ್ಟುಕೊಂಡಿದ್ದೆವು. ಆಮೇಲೆ ಚೊಚ್ಚಲ ಬಾಣಂತನಕ್ಕೆ ಇಲ್ಲೇ ಉಳಿಸಿಕೊಳ್ಳುವುದು ಅಂತ ಇತ್ತು. ಬೀಗರು ಫೋನ್ ಮಾಡಿದರು. ‘ಹುಡುಗಿಯನ್ನು ಕಳಿಸುವುದು ಹೇಗೆ? ನಿಮ್ಮ ಅಂಗಡಿಯೇ ಮುಚ್ಚಿದೆಯಲ್ಲ, ನಾವೇ ನೋಡಿದೆವು.’ ನಾನು ಎಷ್ಟು ಹೇಳಿದರೂ ಅವರ ಕಣ್ಣಿಗೆ ಕಂಡದ್ದು ಆ ಶಟರ್. ಅವರದೂ ತಪ್ಪಿಲ್ಲ, ಬಸ್ಸುಗಳೂ ನಿಂತಿದ್ದವು. ಕುಬಸ ನಡೆಯಲಿಲ್ಲ. ಹೆರಿಗೆ ಅಲ್ಲೇ ಆಯಿತು. ನನ್ನ ಹೆಂಡತಿ ಅಂಟಿನ ಉಂಡೆಗೆ ತಂದಿಟ್ಟ ಸಾಮಾನು ಡಬ್ಬಿಯಲ್ಲೇ ಉಳಿಯಿತು. ಮೊಮ್ಮಗಳಿಗೆ ಈಗ ಎರಡು ವರ್ಷ ದಾಟಿದೆ, ಚೆನ್ನಾಗಿದ್ದಾಳೆ. ಆದರೂ ಆ ಡಬ್ಬಿಯ ಮಾತು ಬಂದರೆ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ.

ನನ್ನ ಪ್ರಶ್ನೆ ಇಷ್ಟು. ಹೀಗೆ ಬೇರೆ ದೇಶಗಳಲ್ಲೂ ಆಗಿದೆಯಾ? ಪತ್ರಿಕೆ ಬೆಂಕಿ ಆರಿಸಿದ ಉದಾಹರಣೆ ಎಲ್ಲಾದರೂ ಇದೆಯಾ? ಓದುವವರು, ಮಾರುವವರು ನಾವು ಏನು ಮಾಡಬಹುದು? ಹುಡುಗನ ಸೆಮಿನಾರಿಗೂ ಬೇಕು, ನನಗೂ ಬೇಕು.

ನವನಗರದ ಟೀಚರ್, ಬಾಗಲಕೋಟೆ:

ಕಾಕಾ, ಆ ಡಬ್ಬಿಯ ಮಾತು ಓದಿ ಸಂಕಟವಾಯಿತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹುಡುಗನಿಗೆ ಫಾಕ್‌ಲ್ಯಾಂಡ್ ದ್ವೀಪಗಳ ಕಥೆ ಹೇಳಿ, ಅವನ ವಿಷಯಕ್ಕೆ ನೇರವಾಗಿ ಕೂಡುತ್ತದೆ.

1982ರ ಏಪ್ರಿಲ್ 2ರಂದು ಅರ್ಜೆಂಟೀನಾ ಆ ದ್ವೀಪಗಳನ್ನು ಹಿಡಿಯಿತು. ಅವು ಬ್ರಿಟನ್ನಿನ ಕೈಯಲ್ಲಿದ್ದವು. ಮೇ 2ಕ್ಕೆ ಬ್ರಿಟಿಷ್ ಸಬ್‌ಮರೀನ್ ಒಂದು ‘ಜನರಲ್ ಬೆಲ್‌ಗ್ರಾನೊ’ ಎಂಬ ಅರ್ಜೆಂಟೀನಾದ ಹಡಗನ್ನು ಮುಳುಗಿಸಿತು. ಲಂಡನ್ನಿನ ‘ಸನ್’ ಪತ್ರಿಕೆ ಮೇ 4ರಂದು ಮೊದಲ ಪುಟದ ದೊಡ್ಡ ತಲೆಬರಹಕ್ಕೆ ಒಂದೇ ಪದ ಹಾಕಿತು. ‘ಗಾಚಾ’. ನಮ್ಮ ಮಾತಿನಲ್ಲಿ ‘ಸಿಕ್ಕಿಬಿದ್ರಿ ನೋಡು’ ಅಂದ ಹಾಗೆ. ಎಷ್ಟು ಜನ ಸತ್ತರು ಎಂಬ ಲೆಕ್ಕವೇ ಆಗ ಸಿಕ್ಕಿರಲಿಲ್ಲ. ಸಾವು ಜಾಸ್ತಿ ಇರಬಹುದು ಎಂದು ಗೊತ್ತಾದಾಗ ನಂತರದ ಮುದ್ರಣದಲ್ಲಿ ತಲೆಬರಹ ಬದಲಿಸಿದರು. ಆದರೆ ಮೊದಲಿನ ಪ್ರತಿಗಳು ಹೊರಟುಹೋಗಿದ್ದವು. ಸತ್ತವರು 323 ಜನ. ಅದರಲ್ಲಿ ತುಂಬ ಮಂದಿ ಹದಿಹರೆಯ ಆಗತಾನೇ ದಾಟಿದ ಹುಡುಗರು.

ಆ ಕಡೆಯೂ ಅದೇ ಕಥೆ. ಬ್ಯೂನಸ್ ಐರಿಸ್‌ನ ‘ಹೆಂತೆ’ ವಾರಪತ್ರಿಕೆ ಮೇ ತಿಂಗಳಲ್ಲಿ ಮುಖಪುಟದ ತುಂಬ ‘ನಾವು ಗೆಲ್ಲುತ್ತಿದ್ದೇವೆ’ ಎಂದು ಹಾಕಿತು. ಜೂನ್ 14ಕ್ಕೆ ಅವರ ಸೈನ್ಯ ಶರಣಾಯಿತು. ನಂಬಿದ್ದ ಜನ ಸಿಟ್ಟಿಗೆದ್ದು ಬೀದಿಗೆ ಬಂದರು. ಕೆಲವೇ ದಿನಗಳಲ್ಲಿ ಅಲ್ಲಿನ ಸೇನಾ ಸರ್ಕಾರದ ಮುಖ್ಯಸ್ಥ ಗಾಲ್ತಿಯೇರಿ ಕುರ್ಚಿ ಬಿಡಬೇಕಾಯಿತು. ಇನ್ನೊಂದು ಮಾತು ನನ್ನ ಮಕ್ಕಳಿಗೆ ನಾನು ತಪ್ಪದೆ ಹೇಳುತ್ತೇನೆ. ಮಾರ್ಚ್ 30ರಂದು ಅದೇ ಸರ್ಕಾರದ ವಿರುದ್ಧ ಕಾರ್ಮಿಕರು ಮೆರವಣಿಗೆ ಹೊರಟು ಪೊಲೀಸರ ಏಟು ತಿಂದಿದ್ದರು. ಮೂರು ದಿನ ಕಳೆಯುವಷ್ಟರಲ್ಲಿ ಪ್ಲಾಸಾ ದೆ ಮಾಯೊ ಚೌಕದಲ್ಲಿ ಜೈಕಾರ. ದ್ವೀಪದ ಹೆಸರು ಕಿವಿಗೆ ಬಿದ್ದದ್ದೇ ಸಂಬಳ, ಬೆಲೆ ಏರಿಕೆ, ಸೈನ್ಯ ಹಿಡಿದೊಯ್ದು ಕಾಣೆಯಾದ ಮಕ್ಕಳು ಎಲ್ಲ ಹಿಂದೆ ಸರಿದವು.

ಎಲ್ಲ ಪತ್ರಿಕೆಯೂ ಹಾಗಿರಲಿಲ್ಲ ಕಾಕಾ. ಸನ್ ಪತ್ರಿಕೆ ಬಿಬಿಸಿಯವರನ್ನೂ ಡೈಲಿ ಮಿರರ್ ಪತ್ರಿಕೆಯನ್ನೂ ದೇಶದ್ರೋಹಿಗಳು ಎಂದು ಬರೆಯಿತು. ಬಿಬಿಸಿಯವರು ಮಾಡಿದ ತಪ್ಪು ಎಂದರೆ ನಮ್ಮ ಸೈನ್ಯ ಎನ್ನದೆ ಬ್ರಿಟಿಷ್ ಸೈನ್ಯ ಎಂದದ್ದು, ಎರಡೂ ಕಡೆಯ ಹೇಳಿಕೆ ತೂಗಿ ನೋಡಿದ್ದು. ಮಿರರ್ ಅಷ್ಟೇ ಕಟುವಾಗಿ ತಿರುಗಿ ಉತ್ತರ ಕೊಟ್ಟಿತು. ಆ ಹೊತ್ತಿನಲ್ಲಿ ಹಾಗೆ ಬರೆಯಲು ಧೈರ್ಯ ಬೇಕಿತ್ತು ಅಲ್ವಾ?

ಬೆಂಕಿ ಆರಿದ ಉದಾಹರಣೆ ನಿಮ್ಮ ಗ್ರೀಸ್-ಟರ್ಕಿಯಲ್ಲೇ ಇದೆ. 1999ರ ಆಗಸ್ಟ್ 17ಕ್ಕೆ ಟರ್ಕಿಯಲ್ಲಿ ದೊಡ್ಡ ಭೂಕಂಪವಾಯಿತು. ಗ್ರೀಕ್ ರಕ್ಷಣಾ ತಂಡಗಳು ಓಡಿಬಂದವು. ಸೆಪ್ಟೆಂಬರ್ 7ಕ್ಕೆ ಅಥೆನ್ಸ್‌ನಲ್ಲಿ ಭೂಮಿ ನಡುಗಿತು, ಟರ್ಕಿಯವರು ಹೋದರು. ಅವಶೇಷದಿಂದ ಜನರನ್ನು ಎಳೆದು ತೆಗೆಯುವುದನ್ನು ಎರಡೂ ದೇಶದ ಟಿವಿಗಳು ತೋರಿಸಿದವು. ಬಂಡೆಗೆ ಜಗಳ ಹಚ್ಚಿದ್ದ ಅದೇ ಪತ್ರಿಕೆಗಳು ಪಕ್ಕದವರಿಗೆ ಧನ್ಯವಾದ ಬರೆದವು. ಮೂರೂವರೆ ವರ್ಷವಷ್ಟೇ ಆಗಿತ್ತು.

ಹಳೆ ನೌಕಾಪಡೆಯವ, ವಿಜಯಪುರ:

ಕಾಕಾರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಒಂದು ಮಾತಿಗೆ ನನ್ನ ತಕರಾರಿದೆ. ‘ಎರಡು ಬಂಡೆ’ ಎಂದು ಹಗುರ ಮಾಡಬೇಡಿ. ನೌಕರಿಯ ಬಹುಪಾಲು ನಾನು ಕಡಲಿನಲ್ಲಿ ಕಳೆದಿದ್ದೇನೆ. ಕಡಲಿನಲ್ಲಿ ಬಂಡೆಗೆ ಬೆಲೆ ಬರುವುದು ಅದರ ಸುತ್ತಲಿನ ನೀರಿನಿಂದ. ದಡದಿಂದ 12 ನಾಟಿಕಲ್ ಮೈಲಿವರೆಗೆ ದೇಶದ ಸ್ವಂತ ನೀರು. ಜನ ಬದುಕಬಹುದಾದ ದ್ವೀಪವಾದರೆ 200 ಮೈಲಿವರೆಗೆ ಮೀನು, ಎಣ್ಣೆ, ಗ್ಯಾಸ್ ಎಲ್ಲದರ ಹಕ್ಕು. ಜನ ಬದುಕಲಾಗದ ಬಂಡೆಗೆ ಆ 200 ಇಲ್ಲ, 12 ಮಾತ್ರ. 1982ರ ಕಡಲ ಕಾನೂನಿನ ಒಪ್ಪಂದ ಹೀಗೆ ಹೇಳುತ್ತದೆ. ಟರ್ಕಿ ಅದಕ್ಕೆ ಸಹಿಯನ್ನೇ ಹಾಕಿಲ್ಲ. ಇಮಿಯಾ ವಿಷಯದಲ್ಲೂ 1932ರ ಇಟಲಿ-ಟರ್ಕಿ ಕಾಗದ (ಆ ಕಡೆಯ ದ್ವೀಪಗಳು ಆಗ ಇಟಲಿಯ ಕೈಯಲ್ಲಿದ್ದವು), ಅವನ್ನು ಗ್ರೀಸಿಗೆ ಕೊಟ್ಟ 1947ರ ಪ್ಯಾರಿಸ್ ಒಪ್ಪಂದ ಎಲ್ಲ ಇವೆ. ತಕರಾರು ಪತ್ರಿಕೆ ಹುಟ್ಟಿಸಿದ್ದಲ್ಲ, ಮೊದಲೇ ಇತ್ತು. ನಮ್ಮ ಗಡಿಯ ತಕರಾರು 1967ರ ಮಹಾಜನ್ ವರದಿಗೂ ಹಿಂದಿನದು. ಅದನ್ನೂ ಚಾನೆಲ್ ಹುಟ್ಟಿಸಲಿಲ್ಲ.

ಇಷ್ಟು ಹೇಳಿ ನಿಮ್ಮ ಪರವಾಗಿಯೂ ಒಂದು ಕಥೆ ಹೇಳುತ್ತೇನೆ. ಬಂಗಾಳ ಕೊಲ್ಲಿಯಲ್ಲಿ, ನಮ್ಮ ಮತ್ತು ಬಾಂಗ್ಲಾದ ಗಡಿ ನದಿಯ ಬಾಯಲ್ಲಿ, 1970ರ ಭೋಲಾ ಚಂಡಮಾರುತದ ನಂತರ ಒಂದು ಮರಳಿನ ದ್ವೀಪ ಎದ್ದಿತು. ನಾವು ನ್ಯೂ ಮೂರ್ ಎಂದೆವು, ಅವರು ದಕ್ಷಿಣ ತಾಲ್‌ಪಟ್ಟಿ ಎಂದರು. 1981ರಲ್ಲಿ ನಮ್ಮ ನೌಕಾಪಡೆ ಹೋಗಿ ಬಾವುಟ ಹಾರಿಸಿತು. ಢಾಕಾದಲ್ಲಿ ಜನ ಬೀದಿಗಿಳಿದರು. 2010ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯದವರು ನೋಡಿದರೆ ದ್ವೀಪವೇ ಇಲ್ಲ, ನೀರಿನೊಳಗೆ ಹೋಗಿದೆ. 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ ಕೂತ ಅಂತರರಾಷ್ಟ್ರೀಯ ಪಂಚಾಯಿತಿ ಗೆರೆ ಎಳೆಯಿತು. ಹೆಚ್ಚಿನ ನೀರು ಬಾಂಗ್ಲಾ ಪಾಲಿಗೆ ಬಂತು. ನಮ್ಮ ಸರ್ಕಾರ ಒಪ್ಪಿಕೊಂಡಿತು. ನಾನು ಆ ತೀರ್ಪನ್ನು ಗೌರವಿಸುತ್ತೇನೆ. ಕಡಲು ಕಾಯುವವನಿಗೆ ಗೆರೆ ಎಲ್ಲಿದೆ ಎಂದು ಖಚಿತವಾಗಿ ಗೊತ್ತಿದ್ದರೆ ಅರ್ಧ ತೊಂದರೆ ಕಳೆಯುತ್ತದೆ. ಕ್ಯಾಮೆರಾ ಮುಂದೆ ಅಂಥ ಗೆರೆ ಎಳೆಯಲು ಆಗುವುದಿಲ್ಲ.

ಪೇಪರ್ ಕಾಕಾ, ಬೆಳಗಾವಿ:

ಸಾಹೇಬ್ರೇ, ನೀವು ಹೇಳಿದ್ದು ಸರಿ. ‘ಬಂಡೆ’ ಎಂದು ನಾನು ಸಣ್ಣದು ಮಾಡಬಾರದಿತ್ತು. ಕಾಲಿಮ್ನೋಸ್‌ನ ಮೀನುಗಾರನಿಗೆ ಅದು ಹೊಟ್ಟೆಯ ಮಾತು. ನಮ್ಮ ಗಡಿಯೂ ನನಗೆ ಸಣ್ಣದಲ್ಲ, ಬೆಳಗಾವಿ ಕರ್ನಾಟಕದ್ದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಸಂಕಟ ಬೇರೆ. ತಕರಾರು ಇತ್ತು, ಒಪ್ಪುತ್ತೇನೆ. ಆದರೆ ಬಾವುಟ ಕಿತ್ತವರು ವರದಿಗಾರರು. ಊರು ಮುಚ್ಚಿದೆ ಎಂದವರೂ ವರದಿಗಾರರು. ನಡೆದದ್ದನ್ನು ಹೇಳಬೇಕಾದವರೇ ನಡೆಸಲು ನಿಂತರೆ ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾರುವುದು ಏನನ್ನು?

ಅಕ್ಕೋರೇ, ಭೂಕಂಪದ ಮಾತು ಹುಡುಗನಿಗೆ ತುಂಬ ಇಷ್ಟವಾಯಿತು. ಬರೆದುಕೊಂಡಿದ್ದಾನೆ.

ಡೆಸ್ಕ್ ಬಿಟ್ಟವಳು:

ಕಾಕಾ, ನಾನು ಅಥಣಿಯವಳು. ನಾಲ್ಕು ವರ್ಷ ಒಂದು ಸುದ್ದಿ ಚಾನೆಲ್‌ನ ಡೆಸ್ಕ್‌ನಲ್ಲಿದ್ದೆ, ಅಂದರೆ ಬಂದ ಸುದ್ದಿ, ಚಿತ್ರ ಜೋಡಿಸುವ ಕಡೆ. ಈಗ ಬಿಟ್ಟಿದ್ದೇನೆ. ನಿಮ್ಮ ಶಟರ್ ಸ್ಕ್ರೀನಿಗೆ ಹೇಗೆ ಬಂತು ಅಂತ ನಾನು ಹೇಳಬಲ್ಲೆ, ಅಂಥವನ್ನು ನಾನೂ ಹಾಕಿದ್ದೇನೆ. ಹೇಳುವಾಗ ನಾಚಿಕೆಯಾಗುತ್ತದೆ.

ರಿಪೋರ್ಟರ್ ಹತ್ತಾರು ತುಣುಕು ಕಳಿಸುತ್ತಾನೆ. ಅದರಲ್ಲಿ ನಿಮ್ಮ ಮಾತೂ ಬಂದಿರುತ್ತದೆ. ಡೆಸ್ಕ್‌ನಲ್ಲಿ ಕೂತವರು ಬೆಳಗಾವಿ ನೋಡಿಯೇ ಇರುವುದಿಲ್ಲ. ಅಷ್ಟರಲ್ಲಿ ಪಕ್ಕದ ಚಾನೆಲ್‌ನಲ್ಲಿ ‘ಬ್ರೇಕಿಂಗ್’ ಓಡುತ್ತಿರುತ್ತದೆ. ಮೇಲಿನಿಂದ ‘ನಮ್ಮದೇನು?’ ಎಂಬ ಕೂಗು. ವ್ಯಾಪಾರ ನಡೆಯಿತು ಎಂಬ ಮಾತಿಗೆ ಯಾರೂ ನಿಂತು ನೋಡುವುದಿಲ್ಲ ಎಂದು ಅವರ ಲೆಕ್ಕ. ಮುಚ್ಚಿದ ಶಟರ್ ಒಂದು ಹತ್ತು ಸೆಕೆಂಡ್ ಇದ್ದರೆ ಸಾಕು, ಅದನ್ನೇ ಗಂಟೆಗಟ್ಟಲೆ ಸುತ್ತಿಸಬಹುದು. ಎಷ್ಟು ಜನ ನೋಡಿದರು ಎಂಬ ರೇಟಿಂಗ್ ನಾನಿದ್ದಾಗ ಗುರುವಾರ ಬರುತ್ತಿತ್ತು. ಅವತ್ತು ಆಫೀಸಿನಲ್ಲಿ ಎಲ್ಲರ ಮುಖ ಆ ಅಂಕಿ ನೋಡಿಯೇ ಅರಳುವುದು, ಬಾಡುವುದು.

ನಾನು ಬಿಡಲು ಕಾರಣವೂ ಇಂಥದ್ದೇ. ಚೀನಾ-ಜಪಾನ್ ನಡುವೆ ಸೆಂಕಾಕು ದ್ವೀಪಗಳ ಜಗಳವಿದೆ, ಚೀನಾದವರು ದ್ಯಾವ್‌ಯು ಎನ್ನುತ್ತಾರೆ. 2012ರ ಸೆಪ್ಟೆಂಬರ್‌ನಲ್ಲಿ ಜಪಾನ್ ಸರ್ಕಾರ ಅದರಲ್ಲಿ ಮೂರನ್ನು ಖಾಸಗಿ ಮಾಲೀಕರಿಂದ ಕೊಂಡಿತು. ಚೀನಾದ ಊರೂರಲ್ಲಿ ಜನ ಬೀದಿಗೆ ಬಂದರು. ಶಿಯಾನ್ ನಗರದಲ್ಲಿ ಟೊಯೋಟಾ ಕಾರಿನಲ್ಲಿ ಹೆಂಡತಿ ಮಗನ ಜೊತೆ ಹೋಗುತ್ತಿದ್ದ ಒಬ್ಬ ಮನುಷ್ಯನ ತಲೆಗೆ ಗುಂಪಿನ ಹುಡುಗನೊಬ್ಬ ಗಾಡಿಯ ಕಬ್ಬಿಣದ ಬೀಗದಿಂದ ಹೊಡೆದ. ಹೊಡೆಸಿಕೊಂಡವನೂ ಚೀನಾದವನೇ. ಕಾರು ಜಪಾನಿನ ಕಂಪನಿಯದು, ಅಷ್ಟೇ. ಜೀವ ಉಳಿಯಿತು, ಮೈಯ ಒಂದು ಕಡೆ ಸ್ವಾಧೀನ ತಪ್ಪಿತು. ಹೊಡೆದವನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಇದನ್ನು ಓದಿದ ವಾರವೇ ನಮ್ಮ ಡೆಸ್ಕ್‌ನಲ್ಲಿ ಲಾರಿಯ ನಂಬರ್ ಪ್ಲೇಟ್ ಮೇಲೆ ಕೆಂಪು ಸುತ್ತು ಹಾಕಿ ತೋರಿಸಿ ಎಂದರು. ನನ್ನ ಅಪ್ಪ ಮಹಾರಾಷ್ಟ್ರದ ಮಿರಜ್‌ಗೆ ಟೆಂಪೋ ಓಡಿಸುತ್ತಾರೆ. ನನ್ನ ಕೈ ಓಡಲಿಲ್ಲ.

ನೀವು ಮಾಡಬಹುದಾದ್ದು ಇದೆ. ಇನ್ನೊಮ್ಮೆ ಹೀಗಾದರೆ ಟಿವಿಯ ಪರದೆಯನ್ನು ಫೋನಿನಲ್ಲಿ ಚಿತ್ರ ತೆಗೆದಿಡಿ, ತಾರೀಖು ಸಮಯ ಬರೆದಿಡಿ. ವಾರದೊಳಗೆ ಚಾನೆಲ್‌ಗೇ ಮೊದಲು ಬರೆಯಬೇಕು. ಪ್ರತಿ ಚಾನೆಲ್‌ನಲ್ಲೂ ದೂರು ನೋಡುವ ಅಧಿಕಾರಿ ಇರಲೇಬೇಕು ಎಂದು 2021ರಿಂದ ನಿಯಮವಿದೆ. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಸರಿಬರದಿದ್ದರೆ ಮೇಲೆ ಸುದ್ದಿ ಚಾನೆಲ್‌ಗಳದೇ ಸಂಸ್ಥೆ ಇದೆ, ಎನ್‌ಬಿಡಿಎಸ್‌ಎ. ಅದರ ಸದಸ್ಯ ಚಾನೆಲ್ ಆದರೆ ಅಲ್ಲಿಗೆ ಹೋಗಬಹುದು. ಪೇಪರ್ ಆದರೆ ಪ್ರೆಸ್ ಕೌನ್ಸಿಲ್. ‘ಏನೂ ಆಗುವುದಿಲ್ಲ’ ಎನ್ನುವವರು ಇದ್ದಾರೆ. ಡೆಸ್ಕ್‌ನಲ್ಲಿ ಕೂತಿದ್ದವಳಾಗಿ ಹೇಳುತ್ತೇನೆ, ಹೆಸರು ಹಾಕಿ ಬರೆದ ಒಂದು ಕಾಗದ ಬಂದರೆ ಅವತ್ತು ಎಲ್ಲರೂ ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ.

ಪೇಪರ್ ಕಾಕಾ, ಬೆಳಗಾವಿ:

ತಂಗಿ, ನೀನು ಬರೆದದ್ದನ್ನು ಇವಳಿಗೆ ಓದಿ ಹೇಳಿದೆ. ‘ಆ ಹುಡುಗಿ ಊರಿಗೆ ಬಂದರೆ ಊಟಕ್ಕೆ ಕರೀರಿ’ ಎಂದಳು. ಬಾ.

ನಾನು ಒಂದು ಕೆಲಸ ಶುರು ಮಾಡಿದ್ದೇನೆ. ಮೊದಲು ಕನ್ನಡ ಪೇಪರ್ ಹಗ್ಗದ ಎಡಕ್ಕೆ, ಮರಾಠಿ ಬಲಕ್ಕೆ ಇರುತ್ತಿದ್ದವು. ಈಗ ಒಂದು ಕನ್ನಡ, ಪಕ್ಕಕ್ಕೆ ಒಂದು ಮರಾಠಿ, ಹೀಗೆ ತೂಗು ಹಾಕುತ್ತೇನೆ. ಒಂದೇ ಸುದ್ದಿ ಇದ್ದ ದಿನ ಎರಡರ ಮೊದಲ ಪುಟವೂ ಹೊರಗೆ ಕಾಣಬೇಕು. ಮೊನ್ನೆ ಒಂದು ಸಣ್ಣ ಗಲಾಟೆಯ ಸುದ್ದಿಗೆ ಒಂದರಲ್ಲಿ ‘ನೂರಾರು ಜನ’ ಎಂದಿತ್ತು, ಪಕ್ಕದ್ದರಲ್ಲಿ ‘ಹತ್ತು ಹದಿನೈದು ಮಂದಿ’. ಬಸ್ಸಿಗೆ ಕಾದು ನಿಂತಿದ್ದ ಒಬ್ಬರು ಎರಡನ್ನೂ ಓದಿ ‘ಯಾವುದು ಖರೆ?’ ಎಂದು ಕೇಳಿದರು. ಅಲ್ಲಿ ಇದ್ದ ರಿಕ್ಷಾದ ಹುಡುಗ ‘ನಾನು ಅಲ್ಲೇ ಇದ್ದೆ, ಇಪ್ಪತ್ತು ಜನ ಇದ್ದರು’ ಎಂದ. ಹತ್ತು ನಿಮಿಷ ಅಲ್ಲಿ ಒಳ್ಳೆಯ ಮಾತುಕತೆ ನಡೆಯಿತು. ಯಾರೂ ದನಿ ಏರಿಸಲಿಲ್ಲ.

ಶಟರ್ ಮೇಲೆ ಬಣ್ಣದಲ್ಲಿ ‘ಸಮಯ: ಬೆಳಿಗ್ಗೆ 5ರಿಂದ ಮಧ್ಯಾಹ್ನ 1’ ಎಂದೂ ಬರೆಸಿದ್ದೇನೆ. ಕನ್ನಡದಲ್ಲಿ ದೊಡ್ಡದಾಗಿ, ಕೆಳಗೆ ಮರಾಠಿಯಲ್ಲಿ. ಇನ್ನು ಯಾರು ಫೋಟೋ ತೆಗೆದರೂ ಅದು ಫೋಟೋದಲ್ಲೇ ಬರುತ್ತದೆ.

ಹುಡುಗನ ಸೆಮಿನಾರ್ ಸೋಮವಾರ. ನಿಮ್ಮ ಮೂವರ ಮಾತನ್ನೂ ಪ್ರಿಂಟ್ ತೆಗೆಸಿ ಅವನ ಬ್ಯಾಗಿಗೆ ಹಾಕಿದ್ದೇನೆ. ಸಾಹೇಬ್ರೇ, ಒಂದು ಕೇಳುವುದಿತ್ತು. ದ್ವೀಪ ದ್ವೀಪ ಎಂದು ಇಷ್ಟು ದಿನ ಮಾತಾಡಿದೆ, ನಾನು ದ್ವೀಪವನ್ನು ಕಣ್ಣಾರೆ ಕಂಡವನಲ್ಲ. ದಡದಿಂದ ನೋಡಿದರೆ ಹೇಗೆ ಕಾಣುತ್ತದೆ?

ಹಳೆ ನೌಕಾಪಡೆಯವ, ವಿಜಯಪುರ:

ಬೆಳಿಗ್ಗೆ ಮಂಜು ಇದ್ದರೆ ಇದೆಯೋ ಇಲ್ಲವೋ ಅನ್ನುವ ಹಾಗೆ ಕಾಣುತ್ತದೆ ಕಾಕಾರೇ. ಬಿಸಿಲೇರಿದ ಮೇಲೆ ಮಲಗಿದ ಎಮ್ಮೆಯ ಬೆನ್ನಿನ ಹಾಗೆ. ಕಾರವಾರದ ಎದುರು ಕೂರ್ಮಗಡ ಇದೆ. ಜನವರಿ ಸುಮಾರಿಗೆ ಅಲ್ಲಿ ನರಸಿಂಹ ದೇವರ ಜಾತ್ರೆ, ಜನ ದೋಣಿಯಲ್ಲಿ ಹೋಗುತ್ತಾರೆ. ಬೆಳಗಾವಿಯಿಂದ ಕಾರವಾರಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಮಗಳು, ಅಳಿಯ, ಬೀಗರು, ಮೊಮ್ಮಗಳು ಎಲ್ಲರಿಗೂ ಈಗಲೇ ಹೇಳಿಡಿ.